ಕವರಿನಲ್ಲಿ ತೇಲಿದ ಮೀನು

ಜುಲೇಖಾಳ ಮನೆಗೆ ಮೊದಲ ಬಾರಿಗೆ ಮೀನಿನ ತೊಟ್ಟಿ ಬಂದಿತ್ತು. ಮರಳು ಹಾಸಿ, ಗಿಡ ನೆಟ್ಟು, ಕೆಲವು ವಾರ ನೀರು ಹದವಾಗಲು ಬಿಟ್ಟು, ಆಮೇಲೆ ಅವಳು ಅಂಗಡಿಯಿಂದ ಒಂದು ಕೆಂಪು ಮೀನು ತಂದಳು. ಅದನ್ನು ಕೂಡಲೇ ತೊಟ್ಟಿಗೆ ಬಿಡದೆ, ಪ್ಲಾಸ್ಟಿಕ್ ಕವರಿನ ಸಮೇತ ನೀರಿನ ಮೇಲೆ ತೇಲಿಸಿದಳು.

ಮೀನಿಗೆ ಅವಮಾನವಾಯಿತು. "ಕರೆತಂದು ಬಾಗಿಲಲ್ಲೇ ನಿಲ್ಲಿಸುವುದು ಯಾವ ಮರ್ಯಾದೆ?" ಎಂದು ತೊಟ್ಟಿಯ ನೀರನ್ನು ಕೇಳಿತು.

"ನಾನು ತಣ್ಣಗಿದ್ದೇನೆ. ನೀನು ಅಂಗಡಿಯ ಬೆಚ್ಚನೆಯ ನೀರಿನಲ್ಲಿದ್ದೀಯೆ. ಒಮ್ಮೆಲೇ ಬಂದರೆ ನಿನ್ನ ಜೀವಕ್ಕೇ ಅಪಾಯ," ಎಂದಿತು ನೀರು.

"ಅದೆಲ್ಲ ನೆಪ. ನಾನು ಬರುವುದು ನಿನಗೆ ಇಷ್ಟವಿಲ್ಲ."

ಜುಲೇಖಾಳ ಮಗಳಿಗೂ ಅವಸರ. "ಅಮ್ಮೀ, ಈಗಲೇ ಬಿಟ್ಟುಬಿಡೋಣ," ಎಂದಳು.

"ತಡಿ ಬೇಟಾ, ಅದೂ ಹೊಂದಿಕೊಳ್ಳಬೇಕಲ್ಲ," ಎಂದು ಜುಲೇಖಾ ಕವರಿನ ಬಾಯಿ ಬಿಚ್ಚಿ, ತೊಟ್ಟಿಯ ನೀರನ್ನು ಒಂದು ಪುಟ್ಟ ಲೋಟದಷ್ಟು ಅದರೊಳಗೆ ಸುರಿದಳು. ಆ ಚಳಿಗೆ ಮೀನು ಮೂಲೆಯಲ್ಲಿ ಮುದುಡಿತು.

"ಇದು ನನ್ನ ಒಂದು ಲೋಟ ಮಾತ್ರ," ಎಂದಿತು ನೀರು.

ಸ್ವಲ್ಪ ಹೊತ್ತಿನ ಮೇಲೆ ಸುರಿದ ಇನ್ನೊಂದು ಲೋಟ ನೀರು ಅಷ್ಟು ಕೊರೆಯಲಿಲ್ಲ. ಅದರ ಮುಂದಿನದಕ್ಕೆ ಮೀನು ತಾನೇ ಎದುರು ಹೋಯಿತು. ಕೊನೆಗೆ ಜುಲೇಖಾ ಕವರನ್ನು ಮೆಲ್ಲಗೆ ಓರೆ ಮಾಡಿದಾಗ ಅದು ಗಿಡಗಳ ನಡುವೆ ಈಜಿಹೋಯಿತು. ಕವರಿನ ನೀರು ಎಲ್ಲಿ ಮುಗಿದು ತೊಟ್ಟಿಯ ನೀರು ಎಲ್ಲಿ ಶುರುವಾಯಿತೆಂಬುದು ಅದಕ್ಕೆ ತಿಳಿಯಲೇ ಇಲ್ಲ.