ಅಂದಾರೆಯ ಮೂಲ

ಇಟಾಲಿಯನ್ ನಿಘಂಟಿನ ಹೊಸ ಮುದ್ರಣಕ್ಕೆಂದು ಹಿರಿಯ ಲೇಖನಿಯೊಂದು ಪದಗಳನ್ನೆಲ್ಲ ಸಾಲಾಗಿ ನಿಲ್ಲಿಸಿ ಮೂಲ ವಿಚಾರಿಸುತ್ತಿತ್ತು. 'ಹೋಗು' ಎಂಬ ಅರ್ಥದ ಕ್ರಿಯಾಪದ ಅಂದಾರೆ ಸಾಲಿನಲ್ಲಿ ಹಿಂದೆ ಹಿಂದೆ ಸರಿಯುತ್ತಿದ್ದ. ಅವನು ಎಲ್ಲಿಂದ ಬಂದವನೆಂದು ಪಂಡಿತರೇ ಇನ್ನೂ ಜಗಳವಾಡುತ್ತಿದ್ದರು.

"ಹೆದರಬೇಡಪ್ಪ, ನನ್ನ ಲ್ಯಾಟಿನ್ ಅಜ್ಜನ ಹೆಸರು ಹೇಳಿಬಿಡು," ಎಂದ ಸಾಕುಮಗ ವಾದೋ. 'ನಾನು ಹೋಗುತ್ತೇನೆ' ಎನ್ನುವ ಕೆಲಸಕ್ಕೆ ಬೇರೆ ಮನೆತನದಿಂದ ಬಂದು ಸೇರಿಕೊಂಡವನು ಅವನು.

"ಅವನು ನಿನ್ನ ಅಜ್ಜ ಕಣೋ, ನನ್ನ ಅಪ್ಪನಲ್ಲ," ಎಂದ ಅಂದಾರೆ.

ಸರದಿ ಬಂತು.

"ಮೂಲ ಯಾವುದು?"

"ಗೊತ್ತಿಲ್ಲ ಸ್ವಾಮಿ."

"ಮೂಲ ತಿಳಿಯದವನಿಗೆ ಇಲ್ಲಿ ಜಾಗವಿಲ್ಲ. ನಿನ್ನ ಮಕ್ಕಳಿಗೂ ಇಲ್ಲ," ಎಂದ ಲೇಖನಿ, 'ನೀವು ಹೋಗಿ' ಎಂದು ಆಜ್ಞೆ ಬರೆಯಲು ಹಾಳೆ ಎಳೆದುಕೊಂಡಿತು. ಆ ಆಜ್ಞೆಗೆ ಬೇಕಾದ ಪದ ಅಂದಾತೆ. ಅವಳು ಅಂದಾರೆಯ ಸ್ವಂತ ಮಗಳು, ಅಪ್ಪನ ಬೆನ್ನ ಹಿಂದೆ ನಿಂತಿದ್ದಳು.

"ಬಾಮ್ಮ, ಈ ಹಾಳೆಯ ಮೇಲೆ ಒಂದು ಗಳಿಗೆ ನಿಲ್ಲು," ಎಂದಿತು ಲೇಖನಿ.

"ನಮಗೆ ಇಲ್ಲಿ ಜಾಗವಿಲ್ಲ ಎಂದಿರಲ್ಲ ಸ್ವಾಮಿ," ಎಂದಳು ಅವಳು.

ಅವಳಿಲ್ಲದೆ ಆಜ್ಞೆ ಬರೆಯಲಾಗದೆ ಲೇಖನಿ ಹಾಳೆಯನ್ನು ಬದಿಗೆ ಸರಿಸಿತು. ಆಮೇಲೆ ಅಂದಾರೆಯ ಹೆಸರಿನ ಮುಂದೆ 'ಮೂಲ ತಿಳಿದಿಲ್ಲ' ಎಂದು ಬರೆದು, ತಲೆಯೆತ್ತದೆ ಮುಂದಿನವರನ್ನು ಕರೆಯಿತು.