ಒಂಬತ್ತನೆಯ ಕಲ್ಲು

"ನನ್ನ ಹರೇದಾಗ ಒಂದು ದಿಬ್ಬಣಾನ ತುಂಬಿದ ಹೊಳಿ ದಾಟಿಸೀನಿ," ಎಂದು ಅಂಬಿಗರ ಸಣ್ಣೀರಜ್ಜ ಮೀಸೆ ತಿರುವಿದ. "ಅರವತ್ತು ಮಂದಿ! ನೀರು ಹೆಂಗಿತ್ತಂದ್ರ, ಮೊಸಳಿಗಳೇ ಹೆದರಿ ಮರ ಹತ್ತಿ ಕುಂತಿದ್ವು."

ಆ ದಿಬ್ಬಣದ ಮದುಮಗ ಎಂದೋ ತೀರಿಕೊಂಡಿದ್ದ. ಮದುಮಗಳೂ ಈಗ ಇರಲಿಲ್ಲ. ಆ ಮರವನ್ನು ಹೊಳೆಯೇ ಒಯ್ದಿತ್ತು. ಸುಳ್ಳು ಅನ್ನುವುದಕ್ಕೆ ಯಾರೂ ಉಳಿದಿರಲಿಲ್ಲ.

ದಡದಲ್ಲಿ ಕೂತವರೆಲ್ಲ ನಕ್ಕರು. ಗಾಳೆವ್ವ ನಗಲಿಲ್ಲ.

ಮೂವತ್ತೈದು ದಾಟಿದ ಹೆಂಗಸು, ಎತ್ತಿನಂಥ ರಟ್ಟೆ. ಅಜ್ಜನ ಹರಿಗೋಲು ನಡೆಸಬೇಕೆಂಬುದೊಂದೇ ಆಸೆ. ಆದರೆ ಎಂಟು ಜನ ಹಿಡಿಸುವಲ್ಲಿ ಮೊನ್ನೆ ಹನ್ನೊಂದು ಜನರನ್ನು ಹತ್ತಿಸಿದ್ದಳು. ದಡದಲ್ಲೇ ನೀರು ನುಗ್ಗಿತ್ತು.

"ಲೆಕ್ಕ ಬರೂತನಕ ಹುಟ್ಟು ಮುಟ್ಟಬ್ಯಾಡ," ಎಂದು ಅಜ್ಜ ಕಸಿದುಕೊಂಡಿದ್ದ.

"ಹಂಗಾರ ಕಲಿಸು ಅಜ್ಜಾ."

"ಕೇಳವ್ವಾ. ಇಪ್ಪತ್ತು ಮಂದಿ ನಿಂತಾರ. ಒಂದ್ಸಲಕ್ಕ ಎಂಟು. ಎಷ್ಟು ಸಲ ಹೋಗಬೇಕು?"

ಗಾಳೆವ್ವನ ತುಟಿ ಅಲುಗಿತು. ಕಣ್ಣಲ್ಲಿ ನೀರು ಬಂತು.

"ನೀ ಎಂಟು ಅನ್ನೂದ್ರಾಗ ನನ್ನ ತಲ್ಯಾಗಿಂದ ಇಪ್ಪತ್ತು ಹೋಗಿಬಿಡ್ತೈತಿ. ಬುಟ್ಟ್ಯಾಗಿನ ಮೀನು ಜಿಗಿದಂಗ. ಸಣ್ಣಾಕಿದ್ದಾಗಿಂದ ಹಿಂಗ. ಮಾಸ್ತರು ದಡ್ಡಿ ಅಂತ ಎಬ್ಬಿಸಿ ಕಳಿಸಿದ್ರು," ಎಂದಳು.

ಅಜ್ಜ ಆಕೆಯ ಎದುರಿಗೆ ಬಂದು ಕೂತ.

"ಹಂಗಾರ ತಪ್ಪು ನನ್ನ ಬಾಯಿದು," ಎಂದ.

ಊಟ ಬಿಟ್ಟಾನು, ಮಾತು ಬಿಡಲಾರ ಎಂದು ಊರೇ ಆಡಿಕೊಳ್ಳುತ್ತಿದ್ದ ಮನುಷ್ಯ ಅಂದು ಬಾಯಿಗೆ ಬೀಗ ಹಾಕಿಕೊಂಡ.

ನೀರಿನ ಮೇಲೆ ಒಂದು ಕರಟ ತೇಲಿಬಿಟ್ಟ. ಒಂದೇ ಅಳತೆಯ ಕಲ್ಲುಗಳನ್ನು ಆರಿಸಿ ಆಕೆಯ ಮುಂದೆ ಸುರಿದ. ಗಾಳೆವ್ವ ಒಂದೊಂದೇ ಇಟ್ಟಳು. ಎಂಟು ಕಲ್ಲಿಗೆ ಕರಟ ತೇಲಿತು. ಒಂಬತ್ತನೆಯದಕ್ಕೆ ಮುಳುಗಿತು.

ಮತ್ತೆ ಇಟ್ಟಳು. ಮತ್ತೆ ಮುಳುಗಿತು.

ಹದಿನೈದು ದಿನ ಇದೇ ಆಟ. ಅಜ್ಜನ ಹೊಟ್ಟೆಯಲ್ಲಿ ಕಥೆಗಳು ಉಬ್ಬುಬ್ಬಿ ಬಂದವು. ನುಂಗಿಕೊಂಡ. ಅಷ್ಟರಲ್ಲಿ ಆಕೆಯ ಬೆರಳು ಎಂಟಕ್ಕೆ ತಾನೇ ನಿಲ್ಲತೊಡಗಿತ್ತು. ಎಂಟೆಂಟು ಕಲ್ಲು ದಾಟಿಸಿ, ಸಲಕ್ಕೊಂದು ಗೆರೆಯನ್ನು ಮರಳಲ್ಲಿ ಎಳೆಯುತ್ತಿದ್ದಳು.

ಹದಿನಾರನೆಯ ದಿನ ಅಜ್ಜನಿಗೆ ತಡೆಯಲಾಗಲಿಲ್ಲ.

"ಅರವತ್ತು ಮಂದಿ ದಿಬ್ಬಣ," ಎಂದ. ಗಾಳೆವ್ವ ಹತ್ತತ್ತರಂತೆ ಕಲ್ಲು ಜೋಡಿಸುವ ತನಕ ಸುಮ್ಮನೆ ಕೂತ.

"ಒಂದ್ಸಲಕ್ಕ ಎಂಟು." ಮತ್ತೆ ಕಾದ.

"ಏಳs ಸಲಕ್ಕ ಎಲ್ಲಾರನ್ನೂ ಮುಟ್ಟಿಸಿದೆ! ಬ್ಯಾರೆ ಗಂಡಸಾಗಿದ್ರ ಹತ್ತು ಸಲ ಬೇಕಿತ್ತು."

ಗಾಳೆವ್ವ ಎಂಟೆಂಟು ಕಲ್ಲು ದಾಟಿಸಿದಳು. ಏಳು ಗೆರೆ ಎಳೆದಳು. ಉಳಿದ ಕಲ್ಲು ನೋಡಿದಳು. ಅಜ್ಜನ ಮುಖ ನೋಡಿದಳು.

"ಸುಳ್ಳು ಅಜ್ಜಾ, ಸುಳ್ಳು! ನಾಲ್ಕು ಮಂದಿ ಇನ್ನೂ ಆ ದಡದಾಗs ನಿಂತಾರ!"

ಅಜ್ಜ ಹೆಗಲು ಹಾರಿಸಿದ. ಹುಟ್ಟು ತಂದು ಆಕೆಯ ಕೈಗಿಟ್ಟ.

"ನಿಂತು ನನ್ನ ಮಾರಿ ಏನ್ ನೋಡ್ತಿ? ಹೋಗಿ ಕರ್ಕೊಂಡ್ ಬಾ."