ರಾಚಪ್ಪ ಡ್ರ್ಯಾಗನ್ ಹಣ್ಣು ತಿಂದದ್ದು

"ಅಜ್ಜಾರೇ, ದಿನಾಲೂ ಡ್ರ್ಯಾಗನ್ ಹಣ್ಣು ತಿಂದರೆ ಆಯುಷ್ಯ ಹೆಚ್ಚುತ್ತದೆ ಎನ್ನುತ್ತಾರೆ. ನಿಜವೇ?" ಎಂದು ಅಡವಯ್ಯ ತನ್ನ ಗುರುಗಳನ್ನು ಕೇಳಿದ.

ಅಡವಯ್ಯ ಮಠಕ್ಕೆ ಬಂದು ಆರು ವರ್ಷವಾಗಿತ್ತು. ವಯಸ್ಸು ನಲವತ್ತು. ಯಾವ ಕಾಳಿನಲ್ಲಿ ಏನಿದೆ, ಯಾವ ಸೊಪ್ಪಿನಲ್ಲಿ ಎಷ್ಟಿದೆ ಎಂದು ಓದಿಕೊಂಡೇ ತುತ್ತು ಎತ್ತುವವನು. ಗುರುಗಳಿಗೆ ಅವನ ಮೇಲೆ ಮಮತೆ ಹೆಚ್ಚು, ಹಾಗಾಗಿ ತಮಾಷೆಯೂ ಹೆಚ್ಚು.

"ತಿಂದವನೊಬ್ಬನ ಕತೆ ಹೇಳುತ್ತೇನೆ, ಕೂಡು" ಎಂದರು.

ನೂಲಿಗೆ ಬಣ್ಣ ಹಾಕುವವನೊಬ್ಬ ಇದ್ದ. ಹೆಸರು ರಾಚಪ್ಪ. ಅವನ ಕೆಂಪು ಎಂದರೆ ಕೆಂಪು. ಸೀರೆ ಹರಿದು ಚಿಂದಿಯಾದರೂ ಬಣ್ಣ ಬಿಡುತ್ತಿರಲಿಲ್ಲ. ಅದರ ಗುಟ್ಟು ಕೊನೆಯಲ್ಲಿ ಹಂಡೆಗೆ ಹಾಕುವ ಪಟಿಕದ ಪುಡಿಯಲ್ಲಿತ್ತು. ಎಷ್ಟು, ಯಾವಾಗ ಎಂಬುದನ್ನು ಅವನ ಅಪ್ಪ ಹೇಳಿಕೊಟ್ಟಿದ್ದ. ಅವನು ಮಾತ್ರ ಯಾರಿಗೂ ಹೇಳಿರಲಿಲ್ಲ. ಹೆಂಡತಿ ಬನದವ್ವ ಮೂವತ್ತು ವರ್ಷ ಅದೇ ಹಂಡೆಗೆ ಉರಿ ಹಾಕಿದವಳು, ಅದೇ ನೂಲು ತಿರುವಿದವಳು. ಪುಡಿ ಹಾಕುವ ಹೊತ್ತಿಗೆ ಸರಿಯಾಗಿ ಅವನು "ಹೋಗಿ ನೀರು ತಾ" ಎನ್ನುತ್ತಿದ್ದ. ಅವಳು ಕೊಡ ಎತ್ತಿಕೊಂಡು ಹೋಗುತ್ತಿದ್ದಳು. ನೀರು ಬೇಕಿರಲಿಲ್ಲ ಎಂದು ಇಬ್ಬರಿಗೂ ಗೊತ್ತಿತ್ತು.

ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ ಜಗಳವಿಲ್ಲ ಎನ್ನುತ್ತಾರಲ್ಲ, ಈ ಪುಣ್ಯಾತ್ಮನಿಗೆ ಎರಡೂ ಬರುತ್ತಿರಲಿಲ್ಲ. ಖಾರದ ಚಟ್ನಿ ಬೇಕು, ಕಡಕ್ ಚಹಾ ಬೇಕು, ಸೊಪ್ಪು ಹಣ್ಣು ಎಂದರೆ ಮುಖ ತಿರುಗಿಸುವನು. ಹೊಟ್ಟೆ ಕಟ್ಟಿ ನಾಲ್ಕು ದಿನಕ್ಕೊಮ್ಮೆ ಹರಳೆಣ್ಣೆ ಕುಡಿಯುವನು, ಕುಡಿದ ಮುಖದಲ್ಲೇ ಹೆಂಡತಿಯೊಡನೆ ಮಾತಾಡುವನು. ಪಾಪ, ಅವಳು ತಾಳಿಕೊಂಡಿದ್ದಳು.

ಬನದವ್ವನ ತಮ್ಮ ತನ್ನ ಕಲ್ಲುಹೊಲದಲ್ಲಿ ಡ್ರ್ಯಾಗನ್ ಹಣ್ಣು ಬೆಳೆಯುತ್ತಿದ್ದ. ಅಕ್ಕನಿಗೆಂದು ಒಂದು ಬುಟ್ಟಿ ಕಳಿಸಿದ. ಬನದವ್ವ ದವಾಖಾನೆಯ ನರ್ಸಮ್ಮನನ್ನು ಕೇಳಿದಳು. ಒಳ್ಳೆಯ ಹಣ್ಣು, ನಾರಿದೆ, ಹೊಟ್ಟೆ ಸಲೀಸಾಗುತ್ತದೆ, ಸಿ ಜೀವಸತ್ವವೂ ಇದೆ, ನೀರಿನಂಶ ಹೆಚ್ಚು, ದಿನವಿಡೀ ಉರಿಯ ಮುಂದೆ ನಿಲ್ಲುವವರು ತಿನ್ನಲಿ ಎಂದು ಅವಳು ಹೇಳಿದಳು. ಇನ್ನೂ ಒಂದು ಮಾತು ಹೇಳಿದಳು. ಅದನ್ನು ಬನದವ್ವ ಗಂಡನಿಗೆ ತಿಳಿಸಲಿಲ್ಲ, ತಿಳಿಸಿದರೆ ಅವನು ಹಣ್ಣು ಮುಟ್ಟುವುದಿಲ್ಲ ಎಂದು ಅವಳಿಗೆ ಗೊತ್ತಿತ್ತು.

"ಕಳ್ಳಿ ಗಿಡದ ಹಣ್ಣು ತಿನ್ನಲು ನನ್ನನ್ನೇನು ಆಡು ಎಂದುಕೊಂಡೆಯಾ?" ಎಂದ ರಾಚಪ್ಪ. ಹಿತ್ತಲ ಗಿಡವೇ ಮದ್ದಲ್ಲ, ಇನ್ನು ಭಾವಮೈದುನನ ಗಿಡ ಮದ್ದಾದೀತೇ! ಬನದವ್ವ ವಾದಿಸಲಿಲ್ಲ. ಸಿಪ್ಪೆ ಸುಲಿದು, ಹೋಳು ಮಾಡಿ, ತಟ್ಟೆ ಹಿಡಿದುಕೊಂಡು ಅವನೆದುರು ನಿಂತಳು. ನಿಂತೇ ಇದ್ದಳು. ಅವಳ ಕೈ ಸೋತೀತೆಂದು ಅವನು ಒಂದು ಹೋಳು ಬಾಯಿಗೆ ಹಾಕಿಕೊಂಡ. "ಸಪ್ಪೆ" ಎಂದ. ಸಪ್ಪೆ, ಸಪ್ಪೆ ಎನ್ನುತ್ತಲೇ ಎರಡು ಹಣ್ಣು ಮುಗಿಸಿದ.

ಮರುದಿನ ಬೆಳಗ್ಗೆ ಹೊಟ್ಟೆ ಹಗುರವಾಯಿತು. ಹರಳೆಣ್ಣೆ ಬೇಕಾಗಲಿಲ್ಲ. ಆದರೆ ಪಾಯಖಾನೆಯಲ್ಲಿ ಎದ್ದು ನೋಡುತ್ತಾನೆ, ಎಲ್ಲಾ ಕೆಂಪು! ಕೆಂಪಿನಲ್ಲಿ ಹದಿನಾರು ಬಗೆ ಬಲ್ಲವನು, ಇದು ರಕ್ತವೇ ಎಂದು ತೀರ್ಮಾನಿಸಿಬಿಟ್ಟ. ಅವನ ದೊಡ್ಡಪ್ಪ ಹೀಗೇ ರಕ್ತ ಹೋಗಿ ತಿಂಗಳೊಳಗೆ ತೀರಿಕೊಂಡಿದ್ದ. ಮುಗಿಯಿತು ನನ್ನ ಕತೆ ಎಂದುಕೊಂಡ.

ಯಾರಿಗೂ ಹೇಳಲಿಲ್ಲ. ಕಟ್ಟೆಯ ಮೇಲೆ ಬಹಳ ಹೊತ್ತು ಕೂತ. ಅಂಗಳದಲ್ಲಿ ಬನದವ್ವ ಹಂಡೆಗೆ ಉರಿ ಮಾಡುತ್ತಿದ್ದಳು. ಅವಳ ಉಗುರಿನ ಸಂದಿಯಲ್ಲೂ ಬಣ್ಣ ಇಳಿದಿತ್ತು, ಅವನ ಉಗುರಿನಲ್ಲಿದ್ದಂತೆಯೇ. ನಾನು ಹೋದ ಮೇಲೆ ಇವಳು ಹೇಗೆ ಬದುಕುತ್ತಾಳೆ? ಉರಿ ಹಾಕುವುದು ಗೊತ್ತು, ನೂಲು ತಿರುವುವುದು ಗೊತ್ತು, ಬಣ್ಣ ನಿಲ್ಲಿಸುವುದು ಗೊತ್ತಿಲ್ಲ. ನಾನೇ ಗೊತ್ತಾಗಗೊಡಲಿಲ್ಲ. ಸಾಯುತ್ತೇನೆಂಬ ಭಯಕ್ಕಿಂತ ಈ ಯೋಚನೆ ಅವನನ್ನು ಹೆಚ್ಚು ಹಿಂಡಿತು.

ಪುಡಿ ಹಾಕುವ ಹೊತ್ತಾಯಿತು. ರೂಢಿಯಂತೆ ಬನದವ್ವ ಕೊಡಕ್ಕೆ ಕೈ ಹಾಕಿದಳು.

"ಹೋಗಬೇಡ. ಇಲ್ಲಿ ಬಾ, ನೋಡಿಕೋ" ಎಂದ ರಾಚಪ್ಪ. ಅಳತೆಯ ಬಟ್ಟಲನ್ನು ಅವಳ ಕೈಗಿಟ್ಟು, ಎಷ್ಟು, ಯಾವಾಗ, ನೂಲು ಯಾವ ಹದಕ್ಕೆ ಬಂದಾಗ ಎಂದು ಒಂದೊಂದಾಗಿ ಹೇಳಿದ. ಕೊನೆಗೆ, "ಮೂವತ್ತು ವರ್ಷ ಸುಮ್ಮಸುಮ್ಮನೆ ನೀರು ಹೊರಿಸಿದೆ. ಮನಸ್ಸಿನಲ್ಲಿ ಇಟ್ಟುಕೊಳ್ಳಬೇಡ" ಎಂದ.

ಬನದವ್ವ ಗಾಬರಿಯಾದಳು. "ಏನಾಗಿದೆ ನಿಮಗೆ? ನನ್ನಾಣೆ, ಹೇಳ್ರೀ."

ಬೆಳಗ್ಗೆ ಕಂಡದ್ದನ್ನು ಅವನು ತಲೆ ತಗ್ಗಿಸಿ ಹೇಳಿದ. ಕೇಳುತ್ತ ಕೇಳುತ್ತ ಅವಳು ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಅಳುತ್ತಿದ್ದಾಳೆ ಎಂದುಕೊಂಡ. ನೋಡಿದರೆ ನಗು! ನಿಲ್ಲಲಾರದೆ ನೆಲದ ಮೇಲೆ ಕೂತು ನಕ್ಕಳು. ಕೆಂಪು ತಿರುಳಿನ ಈ ಹಣ್ಣು ತಿಂದರೆ ಮರುದಿನ ಎಲ್ಲಾ ಕೆಂಪಾಗಬಹುದು, ಹೆದರಬೇಡಿ ಎಂಬುದೇ ನರ್ಸಮ್ಮ ಹೇಳಿದ್ದ ಇನ್ನೊಂದು ಮಾತು.

"ಅಯ್ಯೋ ನನ್ನ ದೊರೆಯೇ! ಹುಟ್ಟಿದಾಗಿನಿಂದ ಬಣ್ಣದಲ್ಲಿ ಕೈ ಅದ್ದಿದವರು, ಹಣ್ಣಿನ ಬಣ್ಣ ಗುರುತು ಹತ್ತಲಿಲ್ಲವೇ?" ಎಂದಳು.

ಅವನು ನಂಬಲಿಲ್ಲ. ಡಾಕ್ಟರ ಬಳಿ ಹೋದ. ಬೀಟ್‌ರೂಟಿನ ಹಾಗೆ ಇದಕ್ಕೂ ಬಣ್ಣವಿದೆ, ಎರಡು ದಿನ ಹಣ್ಣು ಬಿಟ್ಟು ನೋಡು, ಆಮೇಲೂ ಕೆಂಪಿದ್ದರೆ ತಡಮಾಡದೆ ಬಾ ಎಂದರು ಡಾಕ್ಟರು. ಕೆಂಪು ಹೋದರೆ ಮತ್ತೆ ತಿನ್ನು, ಆದರೆ ದಿನಕ್ಕೆ ಒಂದು ಸಾಲದೇನಯ್ಯಾ ಎಂದೂ ಬೈದರು. ಎರಡು ದಿನದಲ್ಲಿ ಕೆಂಪು ಹೋಯಿತು.

ಜೀವ ಉಳಿಯಿತು. ಉಳಿದ ಜೀವಕ್ಕೆ ಹಳೆಯ ಚಾಳಿ ನೆನಪಾಗಲು ಎಷ್ಟು ಹೊತ್ತು? ಮೂರನೆಯ ದಿನ ಹಂಡೆಯ ಮುಂದೆ ಅವನ ಕೈ ಬಟ್ಟಲಿಗೆ ಹೋಯಿತು. ಬಾಯಿ "ಹೋಗಿ ನೀರು" ಎಂದೇಬಿಟ್ಟಿತು. ಬನದವ್ವನ ಮುಖ ಬಾಡಿತು. ಕೊಡ ಎತ್ತಿಕೊಂಡು ಹೊರಟಳು.

ರಾಚಪ್ಪನಿಗೆ ತನ್ನ ಮೇಲೇ ಹೇಸಿಗೆಯಾಯಿತು. ಓಡಿಹೋಗಿ ಅವಳ ಕಂಕುಳಿನ ಕೊಡ ಕಿತ್ತುಕೊಂಡ. "ಪುಡಿ ನೀನು ಹಾಕು. ನೀರು ನಾನು ತರುತ್ತೇನೆ" ಎಂದ.

ಅವನು ನೀರು ಹೊತ್ತು ಬಂದಾಗ ಬಟ್ಟಲು ಇಟ್ಟಲ್ಲೇ ಇತ್ತು. ಬನದವ್ವ ಕೈಯಳತೆಯಲ್ಲೇ ಪುಡಿ ಹಾಕಿ ಮುಗಿಸಿದ್ದಳು. ನೂಲಿಗೆ ಬಣ್ಣ ಚೆನ್ನಾಗಿ ಹತ್ತಿತ್ತು, ಅವನ ಕೆಂಪಿಗಿಂತ ಒಂದು ಗುಲಗಂಜಿ ತೂಕ ಹೆಚ್ಚೇ. ಅವನು ನೂಲು ನೋಡಿದ, ಅವಳ ಮುಖ ನೋಡಿದ.

"ಇಪ್ಪತ್ತು ವರ್ಷದಿಂದ ಗೊತ್ತಿತ್ತು ನನಗೆ. ನೀವಾಗಿ ಕೊಡುವವರೆಗೆ ಮುಟ್ಟಬಾರದೆಂದು ಸುಮ್ಮನಿದ್ದೆ" ಎಂದಳು ಬನದವ್ವ.

ಗುರುಗಳು ಕತೆ ನಿಲ್ಲಿಸಿದರು. ಅಡವಯ್ಯ ನಕ್ಕ, ಕಣ್ಣೂ ಒರೆಸಿಕೊಂಡ. ಆದರೂ ಕೇಳಿದ ಪ್ರಶ್ನೆಯನ್ನು ಅವನು ಬಿಡಲಿಲ್ಲ. "ಹಾಗಾದರೆ ಅಜ್ಜಾರೇ, ಆಯುಷ್ಯ ಹೆಚ್ಚುತ್ತದೆಯೋ ಇಲ್ಲವೋ?"

"ಹೆಚ್ಚಿತೆಂದೇ ಇಟ್ಟುಕೋ ತಮ್ಮಾ, ಹೆಚ್ಚಾದ ಆ ದಿನಗಳನ್ನು ಯಾರ ಕೈಗಿಡುತ್ತೀ?"